ತಿರುಗಿಸಿ ನೋಡುವ ಫೋಟೋ ಬೇಕಾ, ಬೇಡವಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಆನ್‌ಲೈನ್ ಅಂಗಡಿಯಲ್ಲಿ ವಸ್ತುವನ್ನು ಬೆರಳಲ್ಲೇ ತಿರುಗಿಸಿ, ದೊಡ್ಡದು ಮಾಡಿ, ನಮ್ಮ ಕೋಣೆಯಲ್ಲಿ ಇಟ್ಟ ಹಾಗೆ ನೋಡುವ ಫೋಟೋಗಳ ಬಗ್ಗೆ. ಮಾರುವವರು ಬರೆದಿದ್ದಾರೆ, ಕೊಳ್ಳುವವರೂ ಬರೆದಿದ್ದಾರೆ. ಒಬ್ಬರು ಬರೀ ಬೈಯೋಕೆ ಬರೆದಿದ್ದಾರೆ. ಬೈಗುಳದಲ್ಲೂ ಹುರುಳಿತ್ತು, ಅದಕ್ಕೂ ಉತ್ತರ ಕೆಳಗಿದೆ.

ಪ್ರಶ್ನೆ: ಸರ್, ನಾನು ಚರ್ಮದ ಬ್ಯಾಗ್ ಹೊಲಿದು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಒಂದೊಂದು ಬ್ಯಾಗಿಗೂ ಐದಾರು ಒಳ್ಳೆಯ ಫೋಟೋ ಹಾಕಿದ್ದೇನೆ. ಆದ್ರೂ ದಿನಾ ಅದದೇ ಮೆಸೇಜು. ಒಳಗೆ ಎಷ್ಟು ಜೇಬಿದೆ, ಲ್ಯಾಪ್‌ಟಾಪ್ ಹಿಡಿಸುತ್ತಾ, ಹಿಂದೆ ಜಿಪ್ ಇದೆಯಾ? 360 ಡಿಗ್ರಿ ಫೋಟೋ ಹಾಕಿಬಿಡಿ, ಎಲ್ಲ ಸರಿಹೋಗುತ್ತೆ ಅಂತ ಒಬ್ಬರು ಹೇಳಿದರು. ಹಾಕಲಾ? ಎಷ್ಟು ಫೋಟೋ ತೆಗೆಯಬೇಕು?

ಉತ್ತರ: ಮೊದಲು ಆ ಮೆಸೇಜುಗಳನ್ನೇ ಇನ್ನೊಂದು ಸಲ ಓದಿ. ನೀವು ತೆಗೆಯಬೇಕಾದ ಫೋಟೋಗಳ ಪಟ್ಟಿಯನ್ನು ಗಿರಾಕಿಗಳೇ ಬರೆದು ಕಳಿಸಿದ್ದಾರೆ! ಮೂರು ಪ್ರಶ್ನೆಗಳಲ್ಲಿ 360 ಡಿಗ್ರಿ ಫೋಟೋ ಉತ್ತರ ಕೊಡುವುದು ಒಂದಕ್ಕೇ, ಹಿಂದಿನ ಜಿಪ್ಪಿಗೆ. ಬ್ಯಾಗನ್ನು ಎಷ್ಟು ಸುತ್ತು ತಿರುಗಿಸಿದರೂ ಒಳಗಿನ ಜೇಬು ಕಾಣಲ್ಲ, ಲ್ಯಾಪ್‌ಟಾಪ್ ಹಿಡಿಸುತ್ತಾ ಅಂತಲೂ ಗೊತ್ತಾಗಲ್ಲ. ಅಂಗಡಿಗೆ ಹೋದವರು ಬ್ಯಾಗ್ ಕೈಗೆತ್ತಿಕೊಂಡು ಏನೇನು ಮಾಡುತ್ತಾರೆ ನೋಡಿ. ಹಿಂದೆ ತಿರುಗಿಸುತ್ತಾರೆ, ಜಿಪ್ ಎಳೆಯುತ್ತಾರೆ, ಒಳಗೆ ಕೈ ಹಾಕುತ್ತಾರೆ, ಹಿಡಿ ಹೊಲಿದ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ, ಆಮೇಲೆ ಹೆಗಲಿಗೆ ಹಾಕಿಕೊಂಡು ಕನ್ನಡಿ ಹುಡುಕುತ್ತಾರೆ. ಆ ಐದು ಕೆಲಸಕ್ಕೆ ಐದು ಬಗೆಯ ಚಿತ್ರ ಬೇಕು. ತಿರುಗುವ ಫೋಟೋ ಅದರಲ್ಲಿ ಒಂದು, ಅಷ್ಟೇ.

ಇನ್ನು ಈ 360 ಡಿಗ್ರಿ ಅಂದರೆ ಏನೋ ಮಾಯೆ ಅಂತ ಹೆದರಬೇಡಿ. ವಸ್ತುವನ್ನು ತಿರುಗುವ ಮಣೆಯ ಮೇಲಿಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ತೆಗೆದ ಸಾಲು ಫೋಟೋಗಳು ಅವು. ನೋಡುವವರು ಬೆರಳು ಎಳೆದಾಗ ಒಂದರ ಜಾಗಕ್ಕೆ ಮುಂದಿನದು ಬರುತ್ತದೆ, ಕಣ್ಣಿಗೆ ತಿರುಗಿದ ಹಾಗೆ ಕಾಣುತ್ತದೆ. ಐಡಿಯಾ ತುಂಬಾ ಹಳೆಯದು. 1860ರ ದಶಕದಲ್ಲೇ ಪ್ಯಾರಿಸ್‌ನಲ್ಲಿ ಫ್ರಾನ್ಸ್ವಾ ವಿಲ್ಲೆಮ್ ಎಂಬ ಕಲಾವಿದ ವ್ಯಕ್ತಿಯೊಬ್ಬರನ್ನು ನಡುವೆ ನಿಲ್ಲಿಸಿ, ಸುತ್ತ 24 ಕ್ಯಾಮೆರಾ ಇಟ್ಟು, ಆ ಫೋಟೋಗಳ ಅಂಚು ನೋಡಿ ಅವರ ಪ್ರತಿಮೆ ಮಾಡುತ್ತಿದ್ದ. ಕಂಪ್ಯೂಟರಿನಲ್ಲಿ ಮೌಸ್ ಎಳೆದು ವಸ್ತುವನ್ನು ತಿರುಗಿಸುವುದನ್ನು 1995ರಲ್ಲಿ ಆ್ಯಪಲ್ ಕಂಪನಿಯ ಕ್ವಿಕ್‌ಟೈಮ್ ವಿಆರ್ ತೋರಿಸಿತ್ತು. ಈಗ ಬದಲಾಗಿರುವುದು ಏನಪ್ಪಾ ಅಂದರೆ, ಇದಕ್ಕೆ ಬೇಕಾದ ಎಲ್ಲವೂ ಒಂದು ಫೋನಿನಲ್ಲಿದೆ.

ಎಷ್ಟು ಫೋಟೋ ಅಂದಿರಿ. 24 ತೆಗೆದರೆ ಒಂದೊಂದರ ನಡುವೆ 15 ಡಿಗ್ರಿ. 36 ಆದರೆ 10, 72 ಆದರೆ 5 ಡಿಗ್ರಿ. 24ರಲ್ಲಿ ತಿರುಗುವಾಗ ಸಣ್ಣ ಜಿಗಿತ ಗೊತ್ತಾಗುತ್ತದೆ, 36ರಲ್ಲಿ ಸಾಕಷ್ಟು ನಯವಾಗಿರುತ್ತದೆ, 72 ನೋಡೋಕೆ ಚಂದ ಆದರೆ ಡೇಟಾ ಜಾಸ್ತಿ ತಿನ್ನುತ್ತದೆ. ಬ್ಯಾಗಿಗೆ 24 ಧಾರಾಳವಾಗಿ ಸಾಕು. ಅದರ ಜೊತೆಗೆ ಬಾಯಿ ತೆರೆದ ಬ್ಯಾಗನ್ನು ಮೇಲಿಂದ ತೆಗೆದ ಒಂದು ಫೋಟೋ, ಲ್ಯಾಪ್‌ಟಾಪ್ ಅರ್ಧ ಒಳಗಿರುವ ಒಂದು, ಯಾರಾದರೂ ಹೆಗಲಿಗೆ ಹಾಕಿಕೊಂಡ ಒಂದು, ಹೊಲಿಗೆಯನ್ನು ತೀರಾ ಹತ್ತಿರದಿಂದ ತೋರಿಸುವ ಒಂದು. ಲ್ಯಾಪ್‌ಟಾಪ್ ಎಷ್ಟು ಇಂಚಿನದು ಅಂತ ಚಿತ್ರದ ಕೆಳಗೇ ಬರೆಯಿರಿ. ಇವಿಷ್ಟು ಮಾಡಿದರೆ ಮೆಸೇಜು ಪೂರ್ತಿ ನಿಲ್ಲಲ್ಲ, ಓದದೇ ಕೇಳುವವರು ಎಲ್ಲಾ ಕಡೆ ಇರುತ್ತಾರೆ, ಆದರೆ ಕಡಿಮೆಯಂತೂ ಆಗುತ್ತದೆ.

ಎಲ್ಲ ವಸ್ತುವಿಗೂ ತಿರುಗುವ ಫೋಟೋ ಬೇಕಾಗಿಲ್ಲ. ಶೂ, ಬ್ಯಾಗು, ಹೆಲ್ಮೆಟ್, ಕುರ್ಚಿ, ಆಟಿಕೆ, ಹೀಗೆ ಒಂದೊಂದು ಮಗ್ಗುಲಿಂದ ಒಂದೊಂದು ತರ ಕಾಣುವ ವಸ್ತುಗಳಿಗೆ ಅದು ಒಪ್ಪುತ್ತದೆ. ಮಡಚಿಟ್ಟ ಶರ್ಟು, ನೋಟ್‌ಬುಕ್ಕು, ಗೋಡೆಗೆ ಹಾಕುವ ಚಿತ್ರ, ಇವನ್ನು ತಿರುಗಿಸಿ ಏನು ನೋಡೋದು? ಅಲ್ಲಿ ಒಳ್ಳೆಯ ಜೂಮ್ ಕೊಡಿ, ನೂಲಿನ ಎಳೆ ಕಾಣುವಷ್ಟು.

ಪ್ರಶ್ನೆ: ಮನೆಯಲ್ಲೇ ಫೋನಿಟ್ಟು 36 ಫೋಟೋ ತೆಗೆದು ಜೋಡಿಸಿದೆ. ತಿರುಗಿಸಿದರೆ ಶೂ ಎಡಕ್ಕೆ ಬಲಕ್ಕೆ ಓಲಾಡುತ್ತದೆ, ಒಂದು ಫೋಟೋ ಹಳದಿ, ಪಕ್ಕದ್ದು ನೀಲಿ, ಬೆಳಕು ಮಿಣಿಮಿಣಿ ಅನ್ನುತ್ತದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ಎರಡು ಬೇರೆ ಬೇರೆ ತೊಂದರೆ ಇವೆ, ಎರಡೂ ಸುಲಭದವೇ.

ಮಿಣಿಮಿಣಿ ಯಾಕೆ ಅಂದರೆ ನಿಮ್ಮ ಫೋನು ಪ್ರತಿ ಫೋಟೋಗೂ ಹೊಸದಾಗಿ ಯೋಚನೆ ಮಾಡುತ್ತಿದೆ. ಶೂವಿನ ಬಿಳಿ ಮಗ್ಗುಲು ಎದುರಿಗೆ ಬಂದಾಗ ಬೆಳಕು ಜಾಸ್ತಿಯಾಯಿತು ಅಂತ ಕಡಿಮೆ ಮಾಡುತ್ತದೆ, ಕಪ್ಪು ಹಿಮ್ಮಡಿ ಬಂದಾಗ ಹೆಚ್ಚು ಮಾಡುತ್ತದೆ. ಬಣ್ಣದ್ದೂ ಅದೇ ಕಥೆ. ಹಾಗಾಗಿ ಆಟೋ ಬಿಟ್ಟು ಪ್ರೊ ಅಥವಾ ಮ್ಯಾನ್ಯುಯಲ್ ಮೋಡಿಗೆ ಹೋಗಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಶಟರ್ (ಬೆಳಕು ಒಳಬಿಡುವ ಹೊತ್ತು), ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆ), ಫೋಕಸ್ ನಾಲ್ಕನ್ನೂ ಒಂದು ಸಲ ಹೊಂದಿಸಿ, ಕಡೆಯ ಫೋಟೋವರೆಗೆ ಮುಟ್ಟಬೇಡಿ. ಫೋನಿನಲ್ಲಿ ಆ ಮೋಡ್ ಇಲ್ಲದಿದ್ದರೆ ಅದಕ್ಕೆಂದೇ ಬೇರೆ ಕ್ಯಾಮೆರಾ ಆ್ಯಪ್‌ಗಳಿವೆ. ಕಿಟಕಿ ಬೆಳಕನ್ನು ನಂಬಿಕೊಳ್ಳಬೇಡಿ, ಒಂದು ಮೋಡ ಅಡ್ಡ ಬಂದರೆ ಮುಗಿಯಿತು. ಪರದೆ ಎಳೆದು, ಒಂದೇ ತರದ ಎರಡು ದೀಪ ಇಡಿ. ಒಂದು ಬಿಳಿ, ಒಂದು ಹಳದಿ ಬೇಡ.

ಓಲಾಟಕ್ಕೆ ಕಾರಣ, ಶೂ ಮಣೆಯ ನಟ್ಟನಡುವೆ ಇಲ್ಲ. ಕಣ್ಣಂದಾಜಿಗೆ ನಡುವೆ ಇದ್ದ ಹಾಗೆ ಕಂಡರೂ ಇರುವುದಿಲ್ಲ. ಇದಕ್ಕೊಂದು ಉಪಾಯ ಇದೆ. ಫೋನಿನ ಪರದೆಯಲ್ಲಿ ಗ್ರಿಡ್ ಗೆರೆ ಹಾಕಿಕೊಳ್ಳಿ. ಶೂವಿನ ತುದಿ ನೇರ ಕ್ಯಾಮೆರಾ ಕಡೆ ಇರುವಾಗ ಅದರ ನಡು ಎಲ್ಲಿದೆ ನೋಡಿಕೊಳ್ಳಿ. ಈಗ ಮಣೆಯನ್ನು ಅರ್ಧ ಸುತ್ತು, ಅಂದರೆ 180 ಡಿಗ್ರಿ ತಿರುಗಿಸಿ. ಶೂ ಬಲಕ್ಕೆ ಜರುಗಿತು ಅಂದುಕೊಳ್ಳಿ. ಎಷ್ಟು ಜರುಗಿತೋ ಅದರ ಅರ್ಧದಷ್ಟು ಮಾತ್ರ ವಾಪಸ್ ಎಡಕ್ಕೆ ತಳ್ಳಿ. ಪೂರ್ತಿ ತಳ್ಳಿದರೆ ಮತ್ತೆ ಅಷ್ಟೇ ತಪ್ಪುತ್ತದೆ, ಯಾಕೆಂದರೆ ಅರ್ಧ ಸುತ್ತಿಗೆ ತಪ್ಪು ಎರಡು ಪಟ್ಟು ಕಾಣುತ್ತದೆ. ಆಮೇಲೆ ಶೂವಿನ ಮಗ್ಗುಲು ಕ್ಯಾಮೆರಾಕ್ಕೆ ಬರುವ ಹಾಗೆ ತಿರುಗಿಸಿ ಇದನ್ನೇ ಇನ್ನೊಮ್ಮೆ ಮಾಡಿ. ಓಲಾಟ ನಿಲ್ಲುತ್ತದೆ.

ಮೋಟಾರಿನ ಮಣೆ ಬೇಕೇ ಬೇಕು ಅಂತೇನಿಲ್ಲ. ಕಾಗದದ ಮೇಲೆ ವೃತ್ತ ಬರೆದು, ಕೋನಮಾಪಕ ಇಟ್ಟು 10 ಡಿಗ್ರಿಗೊಂದು ಗೆರೆ ಎಳೆದು ಮಣೆಗೆ ಅಂಟಿಸಿದರೆ ಕೈಯಲ್ಲೇ ತಿರುಗಿಸಬಹುದು. ಫೋನನ್ನು ಮಾತ್ರ ಸ್ಟ್ಯಾಂಡಿನಲ್ಲಿ ಬಿಗಿಯಾಗಿ ಕೂರಿಸಿ, ಬಟನ್ನನ್ನು ಬೆರಳಲ್ಲಿ ಒತ್ತಬೇಡಿ, ಟೈಮರ್ ಇಡಿ. ಇನ್ನೊಂದು, ತೀರಾ ಹತ್ತಿರ ಇಟ್ಟು ತೆಗೆಯಬೇಡಿ. ಫೋನಿನ ಮುಖ್ಯ ಲೆನ್ಸ್ ಅಗಲದ್ದು, ಹತ್ತಿರ ಹೋದಷ್ಟೂ ಶೂವಿನ ಮೂತಿ ಊದಿಕೊಂಡು ಕಾಣುತ್ತದೆ, ತಿರುಗುವಾಗ ಮೂತಿ ದೊಡ್ಡದಾಗಿ ಹಿಮ್ಮಡಿ ಚಿಕ್ಕದಾಗಿ ವಿಚಿತ್ರ ಅನ್ನಿಸುತ್ತದೆ. ಸ್ವಲ್ಪ ಹಿಂದೆ ಸರಿದು ಎರಡು ಪಟ್ಟು ಹತ್ತಿರ ತೋರಿಸುವ (2x) ಲೆನ್ಸ್ ಇದ್ದರೆ ಅದನ್ನು ಬಳಸಿ. ಬೇರೆ ಕ್ಯಾಮೆರಾ ಇದ್ದವರು ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್ 8ರಿಂದ 11ರ ನಡುವೆ ಇಟ್ಟರೆ ಮುಂದಿನ ತುದಿಯಿಂದ ಹಿಂದಿನವರೆಗೂ ಚೊಕ್ಕವಾಗಿ ಬರುತ್ತದೆ.

ವಿಡಿಯೋ ಮಾಡಿ ಅದರಿಂದ ಫೋಟೋ ಬಿಡಿಸಿಕೊಂಡರಾಗಲ್ವಾ ಅಂತ ಮುಂದಿನ ಪತ್ರ ಬರುತ್ತದೆ, ಗೊತ್ತು. ಆಗುತ್ತದೆ. ಆದರೆ ಜೂಮ್ ಮಾಡಿದಾಗ ಮಸುಕು. ಬರೀ ತಿರುಗಿಸಿ ತೋರಿಸೋಕೆ ಸಾಕು, ಹೊಲಿಗೆ ತೋರಿಸೋಕೆ ಸಾಲದು.

ಕೊನೆಗೆ, ಫೋಟೋಗಳ ಕ್ರಮ. ಬೆರಳು ಬಲಕ್ಕೆ ಎಳೆದರೆ ವಸ್ತುವಿನ ನಮ್ಮ ಕಡೆಯ ಮುಖವೂ ಬಲಕ್ಕೇ ಹೋಗಬೇಕು. ಎಷ್ಟೋ ಅಂಗಡಿಗಳಲ್ಲಿ ಇದು ಉಲ್ಟಾ ಇರುತ್ತದೆ. ನೋಡುವವರಿಗೆ ಏನು ತಪ್ಪಾಗಿದೆ ಅಂತ ಹೇಳೋಕೆ ಬರಲ್ಲ, ಆದರೆ ಕೈಗೆ ಹಿತ ಅನ್ನಿಸಲ್ಲ, ಬಿಟ್ಟು ಹೋಗುತ್ತಾರೆ. ಫೋಟೋಗಳ ಸಾಲನ್ನು ಹಿಂದುಮುಂದು ಮಾಡಿದರೆ ಸರಿಹೋಯಿತು.

ಪ್ರಶ್ನೆ: ಬೆಳ್ಳಿ ಉಂಗುರ ಮತ್ತು ಗಾಜಿನ ಹೂದಾನಿ ಮಾರುತ್ತೇನೆ. ಯಾವ ಫೋಟೋ ತೆಗೆದರೂ ಅದರಲ್ಲಿ ನಾನೇ ಕಾಣುತ್ತೇನೆ.

ಉತ್ತರ: ಹೊಳೆಯುವ ಲೋಹಕ್ಕೆ ತನ್ನದೇ ರೂಪ ಅಂತ ಇಲ್ಲ, ಸುತ್ತ ಏನಿದೆಯೋ ಅದೇ ಅದರಲ್ಲಿ ಕಾಣುವುದು. ಹಾಗಾಗಿ ಉಂಗುರಕ್ಕೆ ಬೆಳಕು ಬಿಡುವುದಕ್ಕಿಂತ ಮೊದಲು ಅದರ ಸುತ್ತ ಏನಿರಬೇಕು ಅಂತ ಯೋಚಿಸಿ. ತೆಳು ಬಿಳಿ ಬಟ್ಟೆಯ ಗೂಡು ಕಟ್ಟಿ, ಹೊರಗಿನಿಂದ ದೀಪ ಹಾಕಿ, ಲೆನ್ಸ್ ಹೋಗುವಷ್ಟೇ ತೂತು ಬಿಡಿ. ಆಗ ಎಲ್ಲ ಬೆಳ್ಳಗೆ ಆಗಿ ಉಂಗುರದ ಅಂಚೇ ಮಾಯವಾಗುತ್ತದೆ, ಅದಕ್ಕೆ ಎರಡು ಕಡೆ ಕಪ್ಪು ರಟ್ಟಿನ ಪಟ್ಟಿ ನಿಲ್ಲಿಸಿ. ಅಂಚಿಗೆ ಕಪ್ಪು ಗೆರೆ ಬಂದು ಆಕಾರ ಎದ್ದು ಕಾಣುತ್ತದೆ. ಗಾಜಿಗೂ ಇದೇ ಉಪಾಯ, ಬೆಳಕು ಮಾತ್ರ ಹಿಂದಿನಿಂದ ಬರಲಿ.

ಪೋಲರೈಸರ್ ಫಿಲ್ಟರ್ ಹಾಕಿದರೆ ಎಲ್ಲ ಹೊಳಪು ಹೋಗುತ್ತದೆ ಅನ್ನುತ್ತಾರೆ. ಗಾಜು, ಪ್ಲಾಸ್ಟಿಕ್, ಪಾಲಿಶ್ ಹಾಕಿದ ಮರ, ಚರ್ಮ ಇವಕ್ಕೆ ಸರಿ. ಲೆನ್ಸಿಗೆ ಮಾತ್ರ ಹಾಕಿದರೆ ಬರೀ ಲೋಹದ ಮೇಲೆ ಅದು ಹೆಚ್ಚೇನೂ ಮಾಡಲ್ಲ. ಮತ್ತೆ, ಎಲ್ಲ ಹೊಳಪನ್ನೂ ತೆಗೆದುಬಿಟ್ಟರೆ ಬೆಳ್ಳಿ ಬೂದಿ ಬಣ್ಣದ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ದೀಪ ಅಲ್ಲೇ ಇದ್ದು ಉಂಗುರ ತಿರುಗಿದಾಗ ಹೊಳಪಿನ ಒಂದು ಗೆರೆ ಅದರ ಮೇಲೆ ಜಾರಿಕೊಂಡು ಹೋಗುತ್ತದಲ್ಲ, ಅದನ್ನು ನೋಡಿಯೇ ಜನ ಪಾಲಿಶ್ ಹೇಗಿದೆ, ಎಲ್ಲಾದರೂ ತಗ್ಗಿದೆಯಾ ಅಂತ ಅಳೆಯುವುದು. ಒಂದೇ ಫೋಟೋದಲ್ಲಿ ಇದು ಸಿಗಲ್ಲ. ನನ್ನ ಕೇಳಿದರೆ ತಿರುಗುವ ಫೋಟೋದ ನಿಜವಾದ ಲಾಭ ಒಡವೆಯಲ್ಲೇ ಇರುವುದು.

ಪ್ರಶ್ನೆ: ತಿರುಗಿಸಿ, ಜೂಮ್ ಮಾಡಿ, ಎಲ್ಲ ನೋಡಿಯೇ ಹಸಿರು ಶರ್ಟ್ ತರಿಸಿದೆ. ಬಂದದ್ದು ನೀಲಿ ಹಸಿರು. ಮೋಸ ಅಲ್ವಾ ಇದು?

ಉತ್ತರ: ಇರಬಹುದು, ಇಲ್ಲದೆಯೂ ಇರಬಹುದು. ಮೊದಲು ನಿಮ್ಮ ಫೋನಿನದ್ದೇ ವಿಚಾರಿಸೋಣ. ರಾತ್ರಿ ಹೊತ್ತು ಕಣ್ಣಿಗೆ ಹಿತವಾಗಲಿ ಅಂತ ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್ ಇರುತ್ತದೆ. ಅದು ಆನ್ ಇದ್ದರೆ ನೀಲಿ ಹಸಿರು ನಿಮಗೆ ಬರೀ ಹಸಿರಾಗಿಯೇ ಕಾಣುತ್ತದೆ. ಬಣ್ಣ ಮುಖ್ಯ ಅನ್ನಿಸಿದ ವಸ್ತುವನ್ನು ಅದನ್ನು ಆಫ್ ಮಾಡಿ, ಹಗಲಲ್ಲಿ ನೋಡಿ.

ಆಮೇಲೆ ಬೆಳಕು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಹಳದಿ. ಮಧ್ಯಾಹ್ನದ ಬಿಸಿಲು ಸುಮಾರು 5500 ಕೆಲ್ವಿನ್, ಮನೆಯ ಹಳದಿ ಬಲ್ಬು ಸುಮಾರು 2700. ಕೆಲವು ಬಣ್ಣಗಳು ಒಂದು ಬೆಳಕಿನಲ್ಲಿ ಒಂದೇ ತರ ಕಂಡು ಇನ್ನೊಂದರಲ್ಲಿ ಬೇರೆಯಾಗುತ್ತವೆ. ಅದು ಯಾರ ಮೋಸವೂ ಅಲ್ಲ, ಬಣ್ಣದ ಗುಣ. ಶರ್ಟನ್ನು ಕಿಟಕಿ ಹತ್ತಿರ ಹಿಡಿದು ನೋಡಿ ಆಮೇಲೆ ಜಗಳಕ್ಕೆ ಹೋಗಿ.

ಇಷ್ಟಾದ ಮೇಲೂ ಬೇರೆ ಬಣ್ಣ ಅಂತಾದರೆ ತಪ್ಪು ಮಾರಿದವರದ್ದು, ವಾಪಸ್ ಕಳಿಸಿ. ಮಾರುವವರು ಫೋಟೋ ಶುರು ಮಾಡುವ ಮುಂಚೆ ಒಂದು ಬೂದು ಬಣ್ಣದ ಕಾರ್ಡನ್ನೋ, 24 ಬಣ್ಣದ ಚೌಕಗಳಿರುವ ಕಲರ್ ಚೆಕ್ಕರನ್ನೋ ವಸ್ತುವಿನ ಪಕ್ಕ ಇಟ್ಟು ಒಂದು ಫೋಟೋ ತೆಗೆದುಕೊಂಡರೆ ಆಮೇಲೆ ಬಣ್ಣ ಸರಿ ಮಾಡುವುದು ಕಷ್ಟವಲ್ಲ. ಫೈಲನ್ನು ಎಸ್‌ಆರ್‌ಜಿಬಿಯಲ್ಲಿ ಉಳಿಸಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ ಬಣ್ಣದ ಅಳತೆ ಅದು, ಇವತ್ತಿಗೂ ಹೆಚ್ಚಿನ ಪರದೆಗಳು ಅದನ್ನೇ ಸರಿಯಾಗಿ ತೋರಿಸುವುದು. ಬಣ್ಣ ಆಯ್ಕೆ ಮಾಡುವ ಚುಕ್ಕಿ ಒತ್ತಿದಾಗ ಒಂದೇ ಫೋಟೋಗೆ ಕಂಪ್ಯೂಟರಿನಲ್ಲಿ ಬಣ್ಣ ಬಳಿದು ತೋರಿಸುವ ಅಂಗಡಿಗಳಿವೆ. ಕಪ್ಪು ಬಟ್ಟೆ, ಬಿಳಿ ಬಟ್ಟೆ, ಎರಡರಲ್ಲೂ ಒಂದೇ ಸುಕ್ಕು ಒಂದೇ ಜಾಗದಲ್ಲಿ ಇದೆ ಅಂದರೆ ಅರ್ಥ ಮಾಡಿಕೊಳ್ಳಿ.

ಪ್ರಶ್ನೆ: 72 ಫೋಟೋದ ತಿರುಗಾಟ ಹಾಕಿದ ಮೇಲೆ ನನ್ನ ಪೇಜ್ ತೆರೆಯೋದೇ ಇಲ್ಲ ಅಂತ ಗಿರಾಕಿಗಳು ಹೇಳುತ್ತಿದ್ದಾರೆ. ಒಂದೊಂದು ಫೋಟೋ ಸುಮಾರು 2 ಎಂಬಿ ಇದೆ, ಒಳ್ಳೆ ಕ್ವಾಲಿಟಿ ಇರಲಿ ಅಂತ.

ಉತ್ತರ: ಗುಣಿಸಿ ನೋಡಿದ್ದೀರಾ? 144 ಎಂಬಿ. ಒಂದು ಜೊತೆ ಚಪ್ಪಲಿ ನೋಡೋಕೆ ಅಷ್ಟು ಡೇಟಾ ಯಾರೂ ಕೊಡಲ್ಲ.

36ಕ್ಕೆ ಇಳಿಸಿ. ತಿರುಗಿಸುವಾಗ ಕಣ್ಣು ಚಲನೆಯನ್ನು ನೋಡುತ್ತದೆ, ಎಳೆ ಎಳೆಯನ್ನಲ್ಲ, ಹಾಗಾಗಿ 1000 ಪಿಕ್ಸೆಲ್ ಅಗಲ ಸಾಕು. ವೆಬ್‌ಪಿ ಅಥವಾ ಎವಿಐಎಫ್ ರೂಪದಲ್ಲಿ ಉಳಿಸಿದರೆ ಒಂದೊಂದನ್ನು 80 ಕೆಬಿ ಆಸುಪಾಸಿಗೆ ತರಬಹುದು, ಒಟ್ಟು 3 ಎಂಬಿಯೊಳಗೆ ಮುಗಿಯುತ್ತದೆ. ಹಿನ್ನೆಲೆ ಸಾದಾ ಬಿಳಿ ಇದ್ದರೆ ಫೈಲು ಇನ್ನೂ ಚಿಕ್ಕದಾಗುತ್ತದೆ. ಅದೂ ಒಟ್ಟಿಗೆ ಬರಬೇಕಾಗಿಲ್ಲ. ಪೇಜ್ ತೆರೆದಾಗ ಒಂದೇ ಫೋಟೋ ಬರಲಿ, ಬೆರಳಿಟ್ಟ ಮೇಲೆ ಉಳಿದವು ಬರಲಿ. ಬರುವಾಗಲೂ ಒಂದರ ಹಿಂದೆ ಒಂದಲ್ಲ, ಮೊದಲು ಒಂದು ಬಿಟ್ಟು ಒಂದು. ಆಗ ಅರ್ಧ ಬಂದಾಗಲೇ ಪೂರ್ತಿ ಸುತ್ತು ತಿರುಗಿಸಬಹುದು. ಪೇಜಿನ ದೊಡ್ಡ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಹಾಕಿಕೊಂಡ ಅಳತೆ, ಅದನ್ನು ಗುರಿ ಇಟ್ಟುಕೊಳ್ಳಿ.

ಜೂಮ್‌ಗೆ ದೊಡ್ಡ ಫೈಲನ್ನು ಬೇರೆಯಾಗಿ ಇಡಿ, ಯಾರು ಜೂಮ್ ಒತ್ತುತ್ತಾರೋ ಅವರಿಗೆ ಮಾತ್ರ ಹೋಗಲಿ. ಎಲ್ಲ 36ಕ್ಕೂ ಬೇಡ. ಎದುರು, ಹಿಂದೆ, ಅಡಿ, ಇಷ್ಟಕ್ಕೆ ಸಾಕು. ಅಮೆಜಾನ್‌ನಲ್ಲಿ ಮಾರುವವರು ಗಮನಿಸಿ, ಉದ್ದದ ಬದಿ 1000 ಪಿಕ್ಸೆಲ್ ಆದರೂ ಇಲ್ಲದಿದ್ದರೆ ಅಲ್ಲಿ ಜೂಮ್ ಕೆಲಸವೇ ಮಾಡಲ್ಲ. ಮುಖ್ಯ ಚಿತ್ರದ ಹಿನ್ನೆಲೆ ಅಚ್ಚ ಬಿಳಿ ಇರಬೇಕು, ವಸ್ತು ಚೌಕಟ್ಟಿನ 85 ಶೇಕಡಾ ತುಂಬಿರಬೇಕು ಅನ್ನುವ ನಿಯಮವೂ ಇದೆ.

ಪ್ರಶ್ನೆ: ನಿಮ್ಮಂಥವರು ಸೇರಿ ಅಂಗಡಿಗಳನ್ನು ಸರ್ಕಸ್ ಮಾಡಿದ್ದೀರಿ. ಪೇಜ್ ತೆರೆದರೆ ಸಾಕು, ವಸ್ತು ತಾನೇ ಗಿರಗಿರ ತಿರುಗುತ್ತೆ, ನೋಡಿದರೆ ತಲೆಸುತ್ತು. ಕೆಳಗೆ ಹೋಗೋಣ ಅಂತ ಬೆರಳಿಟ್ಟರೆ ಪೇಜ್ ಹೋಗಲ್ಲ, ಅದು ತಿರುಗುತ್ತೆ. ನನ್ನ ಕೈ ನಡುಗುತ್ತದೆ, ಎಳೆದು ತಿರುಗಿಸುವುದು ನನ್ನಿಂದ ಆಗಲ್ಲ. ಮೊದಲಿನ ಹಾಗೆ ನಾಲ್ಕು ಫೋಟೋ ಹಾಕೋಕೆ ಏನು ಕಷ್ಟ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಮತ್ತು ನೀವು ಹೇಳಿದ ಮೂರೂ ತಪ್ಪಿಗೆ ಪರಿಹಾರ ಇದೆ, ಮಾಡುವವರು ಮಾಡುತ್ತಿಲ್ಲ ಅಷ್ಟೇ.

ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಜಾಸ್ತಿ ಚಲಿಸುವುದನ್ನು ನಿಲ್ಲಿಸಲು ದಾರಿ ಇರಬೇಕು ಅಂತ ವೆಬ್ ಸೌಲಭ್ಯದ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿ ಹೇಳುತ್ತದೆ. 2023ರ ಅಕ್ಟೋಬರಿನಲ್ಲಿ ಬಂದ ಅದರ 2.2 ಆವೃತ್ತಿ ಇನ್ನೂ ಒಂದು ಮಾತು ಸೇರಿಸಿತು. ಎಳೆದು ಮಾಡುವ ಕೆಲಸ ಯಾವುದಿದ್ದರೂ ಅದನ್ನು ಎಳೆಯದೆ, ಬರೀ ಒತ್ತಿ ಮಾಡುವ ದಾರಿಯೂ ಇರಬೇಕು. ಅಂದರೆ ಚಿತ್ರದ ಎರಡು ಕಡೆ ಎರಡು ಬಾಣದ ಗುರುತು. ಒತ್ತಿದರೆ ಸ್ವಲ್ಪ ತಿರುಗಬೇಕು. ಇಷ್ಟನ್ನೂ ಹಾಕದವರಿಗೆ ಏನನ್ನೋದು?

ಕೆಳಗೆ ಹೋಗದೆ ಸಿಕ್ಕಿಕೊಳ್ಳುವುದಕ್ಕೂ ಹಾಗೇ. ಬೆರಳು ಅಡ್ಡಕ್ಕೆ ಹೋದರೆ ಮಾತ್ರ ವಸ್ತು ತಿರುಗಲಿ, ಮೇಲೆ ಕೆಳಗೆ ಹೋದರೆ ಪೇಜ್ ಸರಿಯಲಿ. ಪೇಜ್ ಮಾಡುವವರಿಗೆ ಇದು ಒಂದು ಸಾಲಿನ ಕೆಲಸ. ನಿಮ್ಮ ಫೋನಿನಲ್ಲಿ ಚಲನೆ ಕಡಿಮೆ ಮಾಡುವ ಸೆಟ್ಟಿಂಗ್ ಇದೆ, ಹಾಕಿ ನೋಡಿ. ಒಳ್ಳೆಯ ಅಂಗಡಿಗಳು ಅದನ್ನು ಗಮನಿಸಿ ತಿರುಗುವುದನ್ನು ತಾವೇ ನಿಲ್ಲಿಸುತ್ತವೆ. ಇನ್ನು ನಾಲ್ಕು ಫೋಟೋ ವಿಷಯ, ಅದು ಯಾವಾಗಲೂ ಇರಲೇಬೇಕು. ತಿರುಗುವ ಫೋಟೋ ಬಂತು ಅಂತ ಸಾದಾ ಫೋಟೋ ಕಿತ್ತುಹಾಕುವುದು ತಪ್ಪು. ಕಣ್ಣು ಕಾಣದವರಿಗಾಗಿ ಪ್ರತಿ ಚಿತ್ರಕ್ಕೂ ಎರಡು ಸಾಲಿನ ವಿವರ ಬರೆದಿರಬೇಕು. "ಚಿತ್ರ 3" ಅನ್ನುವುದು ವಿವರ ಅಲ್ಲ. "ಹಿಂಬದಿಯಲ್ಲಿ ಉದ್ದಕ್ಕೆ ಒಂದು ಜಿಪ್, ಹಿಡಿಕೆ ಬಲಗಡೆ" ಅನ್ನುವುದು ವಿವರ.

ಪ್ರಶ್ನೆ: ಮರದ ಕುರ್ಚಿ, ಮೇಜು ಮಾಡುತ್ತೇನೆ. ಗಿರಾಕಿ ಫೋನು ಹಿಡಿದರೆ ಕುರ್ಚಿ ಅವರ ಕೋಣೆಯಲ್ಲಿ ನಿಂತ ಹಾಗೆ ಕಾಣುತ್ತಲ್ಲ, ಅದು ನನ್ನಂಥ ಸಣ್ಣವರಿಗೆ ಆಗುತ್ತಾ?

ಉತ್ತರ: ಆಗುತ್ತದೆ. ನಿಮ್ಮ ಕಸುಬಿಗೆ ತಿರುಗುವ ಫೋಟೋಗಿಂತ ಇದೇ ಮುಖ್ಯ. ಕುರ್ಚಿ ಕೊಳ್ಳುವವರ ದೊಡ್ಡ ಅನುಮಾನ ಆ ಜಾಗದಲ್ಲಿ ಹಿಡಿಸುತ್ತಾ ಅನ್ನುವುದು. ಬಿಳಿ ಹಿನ್ನೆಲೆಯ ಫೋಟೋದಲ್ಲಿ ಮಕ್ಕಳ ಕುರ್ಚಿಯೂ ದೊಡ್ಡವರ ಕುರ್ಚಿಯೂ ಒಂದೇ ಅಳತೆಯವು ಅನ್ನಿಸುತ್ತವೆ. 2017ರಲ್ಲಿ ಆ್ಯಪಲ್ ತನ್ನ ಎಆರ್‌ಕಿಟ್ ಎಂಬ, ಇಂಥ ಆ್ಯಪ್ ಮಾಡುವವರ ಸಲಕರಣೆ ತಂದಾಗ ಮೊದಲಿಗೆ ಕೈಹಾಕಿದವರಲ್ಲಿ ಪೀಠೋಪಕರಣ ಮಾರುವ ಐಕಿಯ ಕಂಪನಿ ಕೂಡ ಒಂದು, ಅದೇ ವರ್ಷ ಐಕಿಯ ಪ್ಲೇಸ್ ಅನ್ನುವ ಆ್ಯಪ್ ಬಂತು. ಈಗ ಆ್ಯಪ್ ಕೂಡ ಬೇಡ, ಬ್ರೌಸರಿನಿಂದಲೇ ನಡೆಯುತ್ತದೆ.

ಇದಕ್ಕೆ ಬೇಕಾದದ್ದು ಫೋಟೋ ಅಲ್ಲ, ಮೂರು ಆಯಾಮದ ಮಾದರಿ. ಎರಡು ರೂಪದಲ್ಲಿ ಇಟ್ಟುಕೊಳ್ಳಬೇಕು. ಆಂಡ್ರಾಯ್ಡ್ ಮತ್ತು ವೆಬ್‌ಗೆ ಜಿಎಲ್‌ಟಿಎಫ್ ಗುಂಪಿನ ಜಿಎಲ್‌ಬಿ ಫೈಲು, ಐಫೋನಿಗೆ ಯುಎಸ್‌ಡಿಝಡ್. ಕಂಪ್ಯೂಟರಿನಲ್ಲಿ ಕುರ್ಚಿಯ ನಕ್ಷೆ ಬರೆದು ಮಾಡುವವರಾದರೆ ನಿಮ್ಮ ಹತ್ತಿರ ಅರ್ಧ ಕೆಲಸ ಆಗಲೇ ಮುಗಿದಿದೆ. ಇಲ್ಲದಿದ್ದರೆ ಸುತ್ತಲೂ ಹತ್ತಾರು ಫೋಟೋ ತೆಗೆದು ಮಾದರಿ ಕಟ್ಟುವ ಸಾಫ್ಟ್‌ವೇರ್‌ಗಳಿವೆ. ಎಳೆ ಎದ್ದು ಕಾಣುವ ಮರಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ, ಯಾಕೆಂದರೆ ಆ ಸಾಫ್ಟ್‌ವೇರು ಒಂದು ಫೋಟೋದ ಚುಕ್ಕಿಯನ್ನು ಇನ್ನೊಂದರಲ್ಲಿ ಹುಡುಕಿ ಜೋಡಿಸುವುದು. ಗಾಜಿನ ಮೇಜಿಗೆ ಆಗಲ್ಲ, ಹಿಡಿದುಕೊಳ್ಳೋಕೆ ಅಲ್ಲಿ ಚುಕ್ಕಿಯೇ ಇರುವುದಿಲ್ಲ.

ಒಂದು ಎಚ್ಚರಿಕೆ. ಜಿಎಲ್‌ಟಿಎಫ್‌ನಲ್ಲಿ ಅಳತೆ ಮೀಟರಿನಲ್ಲಿ. ನೀವು ಸೆಂಟಿಮೀಟರಿನಲ್ಲಿ 90 ಅಂತ ಬರೆದು ಹಾಗೇ ಹೊರತೆಗೆದರೆ ಗಿರಾಕಿಯ ಕೋಣೆಯಲ್ಲಿ 90 ಮೀಟರ್ ಎತ್ತರದ ಕುರ್ಚಿ ನಿಲ್ಲುತ್ತದೆ, ಅವರಿಗೆ ಕಾಲಿನ ಒಂದು ತುಂಡು ಬಿಟ್ಟು ಏನೂ ಕಾಣಲ್ಲ. ಪೇಜಿಗೆ ಹಾಕುವ ಮೊದಲು ನಿಜವಾದ ಕುರ್ಚಿಯ ಪಕ್ಕದಲ್ಲೇ ಮಾದರಿಯನ್ನು ಇಟ್ಟು ನೋಡಿ. ಸೀಟಿನ ಎತ್ತರ ಒಂದೇ ಗೆರೆಗೆ ಬರಬೇಕು.

ಅಂದ ಹಾಗೆ, ಫೋಟೋ ಅಂತ ನಾವು ನೋಡುವ ಪೀಠೋಪಕರಣದ ಚಿತ್ರಗಳಲ್ಲಿ ಎಷ್ಟೋ ಫೋಟೋಗಳೇ ಅಲ್ಲ. ಐಕಿಯ 2006ರಲ್ಲಿ ಬರ್ಟಿಲ್ ಅನ್ನುವ ಒಂದು ಮರದ ಕುರ್ಚಿಯನ್ನು ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿ ಕ್ಯಾಟಲಾಗಿನಲ್ಲಿ ಹಾಕಿತ್ತು. ಅಳತೆ, ಬಣ್ಣ ನಿಜದ್ದಾಗಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ: ಒಂದೇ ಒಂದು ಫೋಟೋ ಕೊಟ್ಟರೆ ಎಐ ಪೂರ್ತಿ 360 ಡಿಗ್ರಿ ಮಾಡಿಕೊಡುತ್ತಂತೆ. ಮಣೆ, ದೀಪ, ಇದೆಲ್ಲ ತಾಪತ್ರಯ ಯಾಕೆ?

ಉತ್ತರ: ಬೇಡ. ವಸ್ತುವಿನ ಬೆನ್ನನ್ನು ಅದು ನೋಡಿಲ್ಲ, ಹೀಗಿರಬಹುದು ಅಂತ ಊಹೆ ಮಾಡಿ ಬರೆಯುತ್ತದೆ. ಇಲ್ಲದ ಜಿಪ್ ಬರಬಹುದು, ಇರುವ ಜೇಬು ಹೋಗಬಹುದು. ಗಿರಾಕಿ ತಿರುಗಿಸಿ ನೋಡುವುದೇ ಹಿಂದೆ ಏನಿದೆ ಅಂತ ತಿಳಿಯೋಕೆ, ಅಲ್ಲೇ ಊಹೆ ತೋರಿಸಿದರೆ ಹೇಗೆ? ವಾಪಸ್ ಬಂದ ಮೇಲೆ "ಚಿತ್ರದಲ್ಲಿ ಹೀಗಿರಲಿಲ್ಲ" ಅಂತ ಅವರು ಅಂದರೆ ನಿಮ್ಮ ಹತ್ತಿರ ಉತ್ತರ ಇರಲ್ಲ. ಹಿನ್ನೆಲೆ ಅಳಿಸೋಕೆ, ಧೂಳಿನ ಚುಕ್ಕಿ ತೆಗೆಯೋಕೆ ಎಐ ಬಳಸಿ, ಅಡ್ಡಿಯಿಲ್ಲ. 2023ರಲ್ಲಿ ಬಂದ ಗಾಸಿಯನ್ ಸ್ಪ್ಲಾಟಿಂಗ್ ಅನ್ನುವ ವಿಧಾನದ ಹೆಸರು ನೀವು ಕೇಳಿರಬಹುದು. ಅದು ಬೇರೆ, ನೀವು ನಿಜವಾಗಿ ತೆಗೆದ ಬಹಳಷ್ಟು ಫೋಟೋಗಳಿಂದ ಕಟ್ಟುವಂಥದ್ದು. ತುಪ್ಪಳ, ಹೂವು, ಹೆಣೆದ ಬುಟ್ಟಿಯಂಥ ಸೂಕ್ಷ್ಮಗಳೂ ಅದರಲ್ಲಿ ಚೆನ್ನಾಗಿ ಬರುತ್ತವೆ.

ಪ್ರಶ್ನೆ: ಬಳಸಿದ ಕ್ಯಾಮೆರಾ, ಲೆನ್ಸ್ ಮಾರುತ್ತೇನೆ. ಗೀರು ಕಾಣದ ಕೋನದಿಂದ ಫೋಟೋ ತೆಗೆಯುವುದೇ ಎಲ್ಲರೂ ಮಾಡುವುದು. ತಿರುಗುವ ಫೋಟೋ ಹಾಕಿದರೆ ಗೀರು ಕಂಡುಬಿಡುತ್ತಲ್ಲ?

ಉತ್ತರ: ಕಾಣಲಿ. ಕಾಣದೆ ಹೋದರೆ ಪಾರ್ಸೆಲ್ ಬಿಚ್ಚಿದ ದಿನ ಕಾಣುತ್ತದೆ, ಆಗ ಎರಡು ಕಡೆಯ ಸಾಗಣೆ ಖರ್ಚೂ ನಿಮ್ಮ ತಲೆಗೆ. ಗೀರಿರುವ ಫೋಟೋದ ಮೇಲೆ ಒಂದು ಚುಕ್ಕಿ ಇಡಿ. ಒತ್ತಿದರೆ ಹತ್ತಿರದ ಚಿತ್ರ ತೆರೆದುಕೊಂಡು, "ಅಡಿಯಲ್ಲಿ ಅರ್ಧ ಸೆಂಟಿಮೀಟರ್ ಗೀರು, ಕೆಲಸಕ್ಕೆ ತೊಂದರೆ ಇಲ್ಲ" ಅಂತ ಬರಲಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆಯಿರಿ, ಹತ್ತಿರದಿಂದ ತೆಗೆದ ಗೀರು ಇರುವುದಕ್ಕಿಂತ ದೊಡ್ಡದಾಗಿ ಹೆದರಿಸುತ್ತದೆ. ಬಳಸಿದ ವಸ್ತು ಕೊಳ್ಳುವವರು ಗೀರಿಗಿಂತ ಹೆಚ್ಚು ಹೆದರುವುದು ಮುಚ್ಚಿಟ್ಟದ್ದಕ್ಕೆ.

ಪ್ರಶ್ನೆ: ಎಲ್ಲ ಹಾಕಿದ್ದಾಯಿತು. ಇದರಿಂದ ಮಾರಾಟ ಹೆಚ್ಚಾಯಿತಾ ಅಂತ ತಿಳಿಯೋದು ಹೇಗೆ?

ಉತ್ತರ: ಹೋದ ತಿಂಗಳಿಗೂ ಈ ತಿಂಗಳಿಗೂ ಹೋಲಿಸಬೇಡಿ, ನಡುವೆ ನೂರೆಂಟು ಬದಲಾಗಿರುತ್ತದೆ. ಬಂದವರಲ್ಲಿ ಅರ್ಧ ಜನಕ್ಕೆ ಹಳೆಯ ಫೋಟೋ, ಅರ್ಧ ಜನಕ್ಕೆ ಹೊಸದು, ಒಂದೇ ಹೊತ್ತಿನಲ್ಲಿ ತೋರಿಸಿ ನೋಡಬೇಕು. ಅದು ನಿಮ್ಮ ಅಂಗಡಿಯ ಸಾಫ್ಟ್‌ವೇರಿನಲ್ಲಿ ಆಗದಿದ್ದರೆ ಒಂದೇ ಬೆಲೆಯ, ಒಂದೇ ಬಗೆಯ ವಸ್ತುಗಳಲ್ಲಿ ಅರ್ಧಕ್ಕೆ ಮಾತ್ರ ಹೊಸದು ಹಾಕಿ.

ಮಾರಾಟದ ಲೆಕ್ಕ ಒಂದನ್ನೇ ನೋಡಿದರೆ ಸಾಲದು. ಎಷ್ಟು ಜನ ಬೆರಳಿಟ್ಟು ತಿರುಗಿಸಿದರು, ಎಲ್ಲಿ ನಿಲ್ಲಿಸಿದರು, ಯಾವ ಫೋಟೋವನ್ನು ಜೂಮ್ ಮಾಡಿದರು ಅಂತ ಬರೆದಿಡಿ. ಎಲ್ಲರೂ ಹಿಮ್ಮಡಿ ಹತ್ತಿರವೇ ನಿಲ್ಲುತ್ತಿದ್ದರೆ ಅಲ್ಲಿ ಅವರಿಗೆ ಏನೋ ಅನುಮಾನ ಇದೆ, ಅಲ್ಲಿಗೆ ಒಂದು ಹತ್ತಿರದ ಫೋಟೋ ಸೇರಿಸಿ. ತಿರುಗಿಸಿದವರೇ ಹೆಚ್ಚು ಕೊಂಡರು ಅಂತ ಕಂಡರೆ ಕೂಡಲೇ ಹಿಗ್ಗಬೇಡಿ, ಕೊಳ್ಳಬೇಕು ಅಂತ ಮನಸ್ಸು ಮಾಡಿ ಬಂದವರೇ ಹೆಚ್ಚು ತಿರುಗಿಸಿ ನೋಡುವುದೂ ಇದೆ. ವಾಪಸ್ ಬಂದ ವಸ್ತುಗಳಲ್ಲಿ ಕಾರಣದ ಕಾಲಮ್ ನೋಡಿ. "ಅಳತೆ ಸರಿಯಿಲ್ಲ" ಅನ್ನುವುದು ಬೇರೆ, "ಚಿತ್ರದಲ್ಲಿ ಕಂಡ ಹಾಗಿಲ್ಲ" ಅನ್ನುವುದು ಬೇರೆ. ಫೋಟೋ ಕೆಲಸ ಮಾಡಿದೆಯಾ ಅಂತ ಹೇಳುವುದು ಎರಡನೆಯದು. ವಾಪಸ್ ಕಳಿಸುವ ಗಡುವು ಮುಗಿಯುವವರೆಗೆ ಕಾದು ಆಮೇಲೆ ಎಣಿಸಿ.